ಮೊಟ್ಟೆಯ ಚಿಪ್ಪಿನ ಶುದ್ಧೀಕರಣ: ಒಂದು ಪ್ರಚಲಿತ ಇತಿಹಾಸದ ವಿಮರ್ಶೆ

೧

ಮನುಷ್ಯನ ನಿತ್ಯಾಹಾರಕ್ಕೆ ಸಂಬಂಧಪಟ್ಟ ಕಟ್ಟಳೆಗಳು ಇತಿಹಾಸಕಾರರ ಗಮನಕ್ಕೆ ಬೀಳುವುದು ಅಪರೂಪ. ರಾಜವಂಶಗಳ ಏಳುಬೀಳು, ಭೂಕಂದಾಯ, ದೇವಾಲಯಗಳ ದತ್ತಿ ಮುಂತಾದ ವಿಷಯಗಳಲ್ಲಿ ಆಧಾರಗಳನ್ನು ಅಕ್ಷರಶಃ ಪರೀಕ್ಷಿಸುವ ನಾವು, ಅಡಿಗೆಮನೆಯ ಪದಾರ್ಥವೊಂದರ ಚರಿತ್ರೆಯನ್ನು ಯಾರಾದರೂ ಹೇಳಿದರೆ ಪ್ರಶ್ನಿಸದೆ ಒಪ್ಪಿಬಿಡುತ್ತೇವೆ. ಕೋಳಿಮೊಟ್ಟೆಯನ್ನು ಮಾರಾಟಕ್ಕೆ ಮುನ್ನ ತೊಳೆದು, ಅದರ ಚಿಪ್ಪನ್ನು ಕ್ರಿಮಿನಾಶಕ ದ್ರವದಿಂದ ಶುದ್ಧಿಗೊಳಿಸುವ ಪದ್ಧತಿಯ ಚರಿತ್ರೆ ಹೀಗೆ ಪ್ರಶ್ನೆಗೊಳಗಾಗದೆ ಉಳಿದ ಕಥೆಗಳಲ್ಲೊಂದು. ಅದನ್ನು ಮೂಲ ದಾಖಲೆಗಳೊಡನೆ ಇಟ್ಟು ನೋಡುವುದೇ ಈ ಲೇಖನದ ಉದ್ದೇಶ.

ಜನಪ್ರಿಯ ಬರಹಗಳಲ್ಲಿ ಈ ಕಥೆ ಸಾಮಾನ್ಯವಾಗಿ ಈ ರೂಪದಲ್ಲಿ ಬರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನವು ೧೯೭೦ರಲ್ಲಿ ಶಾಸನ ಮಾಡಿ ಮೊಟ್ಟೆಗಳನ್ನು ತೊಳೆಯುವುದನ್ನು ಕಡ್ಡಾಯಪಡಿಸಿತು. ಸಾಲ್ಮೊನೆಲ್ಲ ಎಂಬ ರೋಗಕಾರಕ ಬ್ಯಾಕ್ಟೀರಿಯವನ್ನು ನಿವಾರಿಸುವುದೇ ಅದರ ಉದ್ದೇಶ. ತೊಳೆದುದರಿಂದ ಚಿಪ್ಪಿನ ಮೇಲಣ ಸಹಜವಾದ ಪೊರೆ ಹೋಗುವುದರಿಂದ ಅಲ್ಲಿನವರು ಮೊಟ್ಟೆಗಳನ್ನು ಶೀತಪೆಟ್ಟಿಗೆಯಲ್ಲಿಡಬೇಕಾಯಿತು. ಯೂರೋಪಿನವರಾದರೋ ಆ ಪೊರೆಯನ್ನು ಉಳಿಸಿಕೊಂಡು, ತೊಳೆಯುವುದನ್ನು ನಿಷೇಧಿಸಿ, ಮೊಟ್ಟೆಗಳನ್ನು ಅಂಗಡಿಯ ತೆರೆದ ಕಪಾಟಿನಲ್ಲಿಟ್ಟು ಮಾರಿದರು. ಒಂದೇ ಶತ್ರುವಿನೆದುರು ಎರಡು ನಾಗರಿಕತೆಗಳು ತಮ್ಮ ತಮ್ಮ ಸ್ವಭಾವಕ್ಕನುಗುಣವಾಗಿ ಎರಡು ದಾರಿ ಹಿಡಿದವು. ಇಲ್ಲಿಗೆ ಕಥೆ ಮುಗಿಯುತ್ತದೆ. ಇವೆರಡರಲ್ಲಿ ಯಾವುದು ಜಾಣತನ ಎಂಬ ಚರ್ಚೆ ಮಾತ್ರ ಮುಂದುವರಿಯುತ್ತದೆ.

ಈ ನಿರೂಪಣೆ ಸರಳವಾಗಿದೆ, ನೆನಪಿನಲ್ಲಿಡಲು ಸುಲಭವಾಗಿದೆ. ಅದರಲ್ಲಿ ಸತ್ಯಾಂಶವಿಲ್ಲವೆಂದೂ ಅಲ್ಲ. ಆದರೆ ಇದು ಮೂರು ಆಧಾರವಾಕ್ಯಗಳ ಮೇಲೆ ನಿಂತಿದೆ. ತೊಳೆಯುವ ಪದ್ಧತಿ ೧೯೭೦ರ ಶಾಸನದಿಂದ ಹುಟ್ಟಿತೆಂಬುದು ಒಂದು. ಅದರ ಗುರಿ ಮೊದಲಿನಿಂದಲೂ ಸಾಲ್ಮೊನೆಲ್ಲವೇ ಆಗಿತ್ತೆಂಬುದು ಎರಡು. ತೊಳೆಯುವುದು ಅಥವಾ ತೊಳೆಯದಿರುವುದರಿಂದಲೇ ಆಯಾ ದೇಶದ ಮೊಟ್ಟೆಯ ನಿರ್ದುಷ್ಟತೆ ನಿರ್ಧಾರವಾಗುತ್ತದೆಂಬುದು ಮೂರು. ನಮ್ಮ ಅಭಿಪ್ರಾಯದಲ್ಲಿ ಈ ಮೂರೂ ದಾಖಲೆಗಳೆದುರು ನಿಲ್ಲುವುದಿಲ್ಲ. ಇವುಗಳಲ್ಲಿ ಎರಡನೆಯದು ಎಲ್ಲಕ್ಕಿಂತ ಮುಖ್ಯವಾದ ದೋಷ. ಕಾರಣವೇನೆಂದರೆ, ಅದು ಒಂದು ಕಾಲದ ಭಯವನ್ನು ಮತ್ತೊಂದು ಕಾಲದವರ ಮನಸ್ಸಿಗೆ ಅಂಟಿಸುತ್ತದೆ. ಇದನ್ನು ನಾವು ಕಾಲವ್ಯತ್ಯಾಸದೋಷವೆಂದು ಕರೆಯಬಹುದು.

೨

ದಾಖಲೆಗಳನ್ನು ಓದುವುದಕ್ಕೆ ಮುನ್ನ ವಸ್ತುವಿನ ಪರಿಚಯ ಸ್ವಲ್ಪಮಟ್ಟಿಗೆ ಬೇಕು. ಮೊಟ್ಟೆಯ ಚಿಪ್ಪು ಬಹುಭಾಗ ಕ್ಯಾಲ್ಸಿಯಂ ಕಾರ್ಬೊನೇಟಿನಿಂದಾದುದು. ನೋಡುವುದಕ್ಕೆ ಅಖಂಡವಾಗಿ ಕಂಡರೂ ಅದರಲ್ಲಿ ಸುಮಾರು ೭,೦೦೦ದಿಂದ ೧೭,೦೦೦ದವರೆಗೆ ಸೂಕ್ಷ್ಮರಂಧ್ರಗಳಿರುತ್ತವೆ. ಒಳಗೆ ಬೆಳೆಯಬೇಕಾದ ಮರಿಯ ಉಸಿರಾಟಕ್ಕೆ ಅವು ಅವಶ್ಯಕ. ಕೋಳಿ ಮೊಟ್ಟೆಯಿಟ್ಟಾಗ ಚಿಪ್ಪಿನ ಮೇಲೆ ತೇವವಾದ ಒಂದು ತೆಳ್ಳನೆಯ ಲೇಪವಿದ್ದು, ಅದು ಕೆಲವು ನಿಮಿಷಗಳಲ್ಲಿ ಆರಿ ರಂಧ್ರಗಳ ಬಾಯನ್ನು ಮುಚ್ಚುತ್ತದೆ. ಇದನ್ನು ಈ ಲೇಖನದಲ್ಲಿ ಹೊರಪೊರೆ ಎಂದು ಕರೆಯೋಣ. ಚಿಪ್ಪಿನ ಒಳಗಡೆ ಎರಡು ತೊಗಲುಪೊರೆಗಳೂ, ಅವುಗಳಿಂದಾಚೆಗೆ ಬಿಳಿಯ ಲೋಳೆಯೂ ಇವೆ.

ಈ ಬಿಳಿಯ ಭಾಗ ಬರಿಯ ಆಹಾರವಲ್ಲ, ರಕ್ಷಣೆಯೂ ಹೌದು. ಅಲೆಗ್ಸಾಂಡರ್ ಫ್ಲೆಮಿಂಗ್ ೧೯೨೨ರಲ್ಲಿ ವರ್ಣಿಸಿದ ಲೈಸೊಜೈಮ್ ಎಂಬ ದ್ರವ್ಯ ಅದರಲ್ಲಿ ಹೇರಳವಾಗಿದ್ದು ಕೆಲವು ಜಾತಿಯ ಬ್ಯಾಕ್ಟೀರಿಯಗಳ ಕೋಶಭಿತ್ತಿಯನ್ನು ಒಡೆಯುತ್ತದೆ. ಅದರಲ್ಲಿರುವ ಮತ್ತೊಂದು ಪ್ರೋಟೀನು ಕಬ್ಬಿಣದ ಅಂಶವನ್ನು ತನ್ನಲ್ಲಿ ಬಿಗಿಯಾಗಿ ಕಟ್ಟಿಟ್ಟುಕೊಂಡು, ಕಬ್ಬಿಣವಿಲ್ಲದೆ ಬೆಳೆಯಲಾರದ ಸೂಕ್ಷ್ಮಾಣುಗಳನ್ನು ಉಪವಾಸ ಕೆಡವುತ್ತದೆಂದು ಷೇಡ್ ಮತ್ತು ಕ್ಯಾರೊಲಿನ್ ಎಂಬ ವಿಜ್ಞಾನಿಗಳು ೧೯೪೪ರಲ್ಲಿ ತೋರಿಸಿಕೊಟ್ಟರು. ಹೀಗೆ ಹೊರಪೊರೆ, ಚಿಪ್ಪು, ತೊಗಲುಪೊರೆ, ಬಿಳಿಲೋಳೆ ಎಂದು ಒಂದರೊಳಗೊಂದಾಗಿ ಕೋಟೆಯ ಸುತ್ತುಗಳಂತೆ ರಕ್ಷಣೆಗಳಿವೆ. ಕೋಟೆಯ ಹೊರಸುತ್ತಿಗೆ ಹತ್ತಿದ ಮಲ, ಧೂಳು, ಗೂಡಿನ ಕಸ ಇವುಗಳಲ್ಲಿ ಲಕ್ಷಗಟ್ಟಲೆ ಸೂಕ್ಷ್ಮಾಣುಗಳಿರಬಹುದು. ಅವನ್ನು ತೊಳೆಯಬೇಕೆಂಬ ಬುದ್ಧಿ ಯಾರಿಗಾದರೂ ಹುಟ್ಟುವುದು ಸಹಜ. ಆದರೆ ತೊಳೆಯುವ ನೀರೇ ಶತ್ರುವನ್ನು ಒಳಗೆ ಕರೆತರಬಹುದೆಂಬುದು ಅನುಭವದಿಂದ ಮಾತ್ರ ತಿಳಿಯತಕ್ಕ ಮಾತು.

೩

ಈ ಅನುಭವ ಮೊದಲು ಆದುದು ಯೂರೋಪಿನಲ್ಲಷ್ಟೇ ಅಲ್ಲ, ಅಮೆರಿಕದಲ್ಲಿಯೂ ಆಯಿತು. ಪ್ರಚಲಿತ ನಿರೂಪಣೆ ಮರೆತಿರುವ ಮುಖ್ಯಾಂಶವಿದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಮೊಟ್ಟೆಯ ವ್ಯಾಪಾರ ಶೀತಲಗೃಹಗಳನ್ನು ಅವಲಂಬಿಸಿತ್ತು. ವಸಂತಕಾಲದಲ್ಲಿ ಕೋಳಿಗಳು ಹೇರಳವಾಗಿಟ್ಟ ಮೊಟ್ಟೆಗಳನ್ನು ತಿಂಗಳುಗಟ್ಟಲೆ ಶೀತದಲ್ಲಿಟ್ಟು ಚಳಿಗಾಲದಲ್ಲಿ ಮಾರುತ್ತಿದ್ದರು. ಅಲ್ಲಿನ ಕೃಷಿ ಇಲಾಖೆಯ ಆಹಾರ ಸಂಶೋಧನಾಲಯದ ಮುಖ್ಯಸ್ಥೆಯಾಗಿದ್ದ ಮೇರಿ ಎಂಗಲ್ ಪೆನಿಂಗ್ಟನ್ ಮತ್ತು ಅವರ ಸಹೋದ್ಯೋಗಿ ಜೆಂಕಿನ್ಸ್ ೧೯೧೯ರಲ್ಲಿ ಶೀತಲಗೃಹದ ಮೊಟ್ಟೆಗಳನ್ನು ಕುರಿತು ಪ್ರಕಟಿಸಿದ ವರದಿಯ ಕಾಲಕ್ಕಾಗಲೇ, ತೊಳೆದ ಮೊಟ್ಟೆ ತೊಳೆಯದ ಶುಚಿಯಾದ ಮೊಟ್ಟೆಗಿಂತ ಬೇಗ ಕೊಳೆಯುತ್ತದೆಂಬುದು ಸಿದ್ಧವಾಗಿತ್ತು. ಅಂದಿನ ಅಮೆರಿಕದ ತಜ್ಞರ ಬುದ್ಧಿವಾದವೆಂದರೆ, ಗೂಡನ್ನು ಶುಚಿಯಾಗಿಡಿ, ಕೊಳೆಯಾದ ಮೊಟ್ಟೆಯನ್ನು ಒಣಗಿದ್ದಂತೆಯೇ ಉಜ್ಜಿರಿ, ತೊಳೆಯಬೇಡಿ ಎಂಬುದು. ಇಂದು ಯಾವುದನ್ನು ಯೂರೋಪಿನ ಸ್ವಭಾವವೆಂದು ಹೇಳುತ್ತಾರೆಯೋ ಅದು ಆಗ ಅಮೆರಿಕದ ತಜ್ಞರದೇ ಮತವಾಗಿತ್ತು.

ಈ ಕೊಳೆತಕ್ಕೆ ಕಾರಣವೇನು? ಕೇಂಬ್ರಿಜ್ಜಿನ ಹೇನ್ಸ್ ಮತ್ತು ಮೊರಾನ್ ೧೯೪೦ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಸ್ಪಷ್ಟವಾದ ಉತ್ತರ ಕೊಟ್ಟಿತು. ಬೆಚ್ಚಗಿರುವ ಮೊಟ್ಟೆಯನ್ನು ಅದಕ್ಕಿಂತ ತಣ್ಣಗಿರುವ, ಬ್ಯಾಕ್ಟೀರಿಯಗಳಿಂದ ಕೂಡಿದ ದ್ರವದಲ್ಲಿ ಮುಳುಗಿಸಿದರೆ ಒಳಗಿನ ವಸ್ತು ಕುಗ್ಗುತ್ತದೆ. ಕುಗ್ಗಿದಾಗ ಒಳಗಡೆ ಒತ್ತಡ ಕಡಮೆಯಾಗುತ್ತದೆ. ಆಗ ಹೊರಗಿನ ದ್ರವ ರಂಧ್ರಗಳ ಮೂಲಕ ಒಳಕ್ಕೆ ಸೆಳೆಯಲ್ಪಡುತ್ತದೆ. ಹಾಗೆ ಒಳಹೊಕ್ಕವುಗಳಲ್ಲಿ ಸೂಡೊಮೊನಾಸ್ ಎಂಬ ವರ್ಗದ ಬ್ಯಾಕ್ಟೀರಿಯಗಳು ವಿಶೇಷ ಹಾನಿಕರ. ಅವು ಮನುಷ್ಯನಿಗೆ ಭೇದಿ ತರುವ ಕುಲದವಲ್ಲ. ಆದರೆ ಶೀತದಲ್ಲಿಯೂ ಬೆಳೆಯಬಲ್ಲವಾದ್ದರಿಂದ ವಾರಗಳು ಕಳೆದ ಮೇಲೆ ಮೊಟ್ಟೆಯನ್ನು ಹಸುರುಗಟ್ಟಿಸಿ ಕೊಳೆಯಿಸುತ್ತವೆ. ಆಸ್ಟ್ರೇಲಿಯದಲ್ಲಿ ಗಿಲೆಸ್ಪಿ, ಸ್ಕಾಟ್, ವಿಕರಿ ಎಂಬ ಮೂವರು ೧೯೫೦ರಲ್ಲಿ ಪ್ರಕಟಿಸಿದ ಸಂಶೋಧನೆಯ ವಿಷಯವೂ ಯಂತ್ರದಲ್ಲಿ ತೊಳೆದ ಮೊಟ್ಟೆಗಳ ಕೊಳೆತವೇ.

ಇಲ್ಲಿ ಗಮನಿಸಬೇಕಾದುದು ಭಯದ ಸ್ವರೂಪ. ಸುಮಾರು ಅರ್ಧಶತಮಾನದ ಕಾಲ ಈ ವಿಷಯವನ್ನು ಕುರಿತು ಬರೆದವರ ಮುಂದಿದ್ದ ಪ್ರಶ್ನೆ, ತಿನ್ನುವವನಿಗೆ ಕಾಯಿಲೆ ಬರುತ್ತದೆಯೆ ಎಂಬುದಕ್ಕಿಂತ ಹೆಚ್ಚಾಗಿ, ಇಟ್ಟ ಸರಕು ಕೆಡುತ್ತದೆಯೆ ಎಂಬುದಾಗಿತ್ತು. ಅದು ಉಗ್ರಾಣದವನ ಭಯ, ಆಸ್ಪತ್ರೆಯ ಭಯವಲ್ಲ. ಅಮೆರಿಕದ ಕೃಷಿ ಇಲಾಖೆಯ ಮೋಟ್ಸ್ ೧೯೭೮ರಲ್ಲಿ ಬರೆದ ಸಮೀಕ್ಷೆಯಲ್ಲಿ ಈ ಹಳೆಯ ಸಾಹಿತ್ಯವೆಲ್ಲ ಒಂದೆಡೆ ಸೇರಿದೆ. ಜನಪ್ರಿಯ ಲೇಖಕರು ಆ ಒಂದು ಸಮೀಕ್ಷೆಯನ್ನು ಓದಿದ್ದರೂ ತಮ್ಮ ಕಥೆಯ ಆರಂಭವನ್ನು ತಿದ್ದಿಕೊಳ್ಳುತ್ತಿದ್ದರು.

೪

ಶಾಸನವೆಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎರಡರ್ಥವುಂಟು. ಕಲ್ಲಿನ ಮೇಲೆ ಕೆತ್ತಿದುದೂ ಶಾಸನ, ಸಭೆಯಲ್ಲಿ ವಿಧಿಸಿದುದೂ ಶಾಸನ. ಇತಿಹಾಸದ ವಿದ್ಯಾರ್ಥಿ ಮೊದಲನೆಯದನ್ನು ಓದುವ ರೀತಿಯಲ್ಲೇ ಎರಡನೆಯದನ್ನೂ ಓದಬಹುದೆಂಬುದು ನಮ್ಮ ನಂಬಿಕೆ. ಕೆರೆಯ ನೀರನ್ನು ಕದ್ದು ಹರಿಸಿದವನಿಗೆ ದಂಡವೆಂದು ಕಲ್ಲಿನಲ್ಲಿ ಬರೆದಿದ್ದರೆ, ಆ ಊರಿನಲ್ಲಿ ನೀರನ್ನು ಕದಿಯುತ್ತಿದ್ದರೆಂದು ನಾವು ಊಹಿಸುತ್ತೇವೆ. ಪ್ರತಿಯೊಂದು ನಿಷೇಧದ ಹಿಂದೆಯೂ ನಡೆದುಹೋದ ಒಂದು ಅನಾಹುತವಿರುತ್ತದೆ.

ಈ ದೃಷ್ಟಿಯಿಂದ ಅಮೆರಿಕದ ಕೃಷಿ ಇಲಾಖೆ ಚಿಪ್ಪುಮೊಟ್ಟೆಗಳ ದರ್ಜೆ ನಿರ್ಣಯಕ್ಕಾಗಿ ಮಾಡಿರುವ ನಿಯಮಗಳನ್ನು ನೋಡಿದರೆ ಅವುಗಳ ಅರ್ಥ ಬೇರೆಯಾಗಿಯೇ ಹೊಳೆಯುತ್ತದೆ. ತೊಳೆಯುವ ನೀರು ಫ್ಯಾರನ್‌ಹೈಟ್ ೯೦ ಡಿಗ್ರಿಗೆ, ಎಂದರೆ ಸುಮಾರು ೩೨ ಡಿಗ್ರಿ ಸೆಂಟಿಗ್ರೇಡಿಗೆ ಕಡಮೆಯಿರಕೂಡದು. ಮೇಲಾಗಿ, ಮೊಟ್ಟೆಯ ಒಳಗಿನ ಉಷ್ಣತೆಗಿಂತ ಕನಿಷ್ಠ ೨೦ ಫ್ಯಾರನ್‌ಹೈಟ್ ಡಿಗ್ರಿಯಷ್ಟು ಹೆಚ್ಚಾಗಿರಬೇಕು. ಇದು ಹೇನ್ಸ್ ಮತ್ತು ಮೊರಾನರ ಪ್ರಯೋಗದ ಪಾಠವೇ ಸರಿ. ನೀರು ಹೆಚ್ಚು ಬೆಚ್ಚಗಿದ್ದರೆ ಮೊಟ್ಟೆಯ ಒಳಗಣ ವಸ್ತು ಹಿಗ್ಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಆದ್ದರಿಂದ ಹೊರಗಿನ ನೀರು ಒಳಕ್ಕೆ ಸೆಳೆಯಲ್ಪಡುವುದಿಲ್ಲ. ಮೊಟ್ಟೆಯನ್ನು ನೀರಿನಲ್ಲಿ ನೆನೆಹಾಕಕೂಡದು, ಮುಳುಗಿಸಕೂಡದು, ನೀರನ್ನು ಮೇಲಿನಿಂದ ಸಿಂಪಡಿಸಿ ಹರಿದುಹೋಗಲು ಬಿಡಬೇಕು. ಹಿಂದೆ ಬುಟ್ಟಿಗಟ್ಟಲೆ ಮೊಟ್ಟೆಗಳನ್ನು ತೊಟ್ಟಿಯಲ್ಲಿ ಅದ್ದುತ್ತಿದ್ದರೆಂಬುದಕ್ಕೆ ಇದೇ ಸಾಕ್ಷಿ. ಸುಮಾರು ೪ ಗಂಟೆಗೊಮ್ಮೆ, ಅಗತ್ಯವಾದರೆ ಅದಕ್ಕೂ ಮೊದಲೇ, ತೊಳೆಯುವ ನೀರನ್ನು ಬದಲಾಯಿಸಬೇಕು. ಒಂದು ಮೊಟ್ಟೆಯ ಕೊಳೆ ನೂರು ಮೊಟ್ಟೆಗೆ ಹತ್ತುತ್ತಿತ್ತೆಂಬುದನ್ನು ಇದು ಹೇಳುತ್ತದೆ.

ಇವೆಲ್ಲಕ್ಕಿಂತ ಸ್ವಾರಸ್ಯವಾದುದು ಕಬ್ಬಿಣವನ್ನು ಕುರಿತ ವಿಧಿ. ನೀರಿನಲ್ಲಿ ಕಬ್ಬಿಣದ ಅಂಶ ಹತ್ತು ಲಕ್ಷ ಭಾಗಕ್ಕೆ ೨ ಭಾಗವನ್ನು ಮೀರಿದ್ದರೆ, ಆ ಕಬ್ಬಿಣವನ್ನು ತೆಗೆದಲ್ಲದೆ ಅದನ್ನು ಬಳಸುವಂತಿಲ್ಲ. ವಿಷಯ ತಿಳಿಯದವನಿಗೆ ಇದು ಅರ್ಥವಿಲ್ಲದ ಕಟ್ಟಳೆಯಾಗಿ ತೋರುತ್ತದೆ. ಬಿಳಿಲೋಳೆಯ ಪ್ರೋಟೀನು ಕಬ್ಬಿಣವನ್ನು ಕಟ್ಟಿಟ್ಟು ಬ್ಯಾಕ್ಟೀರಿಯಗಳನ್ನು ಉಪವಾಸ ಕೆಡವುತ್ತದೆಂದು ಮೇಲೆ ಹೇಳಿದೆವಷ್ಟೆ. ತೊಳೆಯುವ ನೀರೇ ಒಳಗೆ ನುಸುಳಿ ಕಬ್ಬಿಣವನ್ನು ಒದಗಿಸಿದರೆ ಆ ರಕ್ಷಣೆ ವ್ಯರ್ಥವಾಗುತ್ತದೆ. ಪ್ರಯೋಗಶಾಲೆಯಲ್ಲಿ ಕಂಡ ಸತ್ಯವೊಂದು ನಿಯಮಾವಳಿಯ ಒಂದು ವಾಕ್ಯವಾಗಿ ಅಡಗಿ ಕುಳಿತಿದೆ. ಕೊನೆಯದಾಗಿ, ತೊಳೆದ ಮೇಲೆ ಅಷ್ಟೇ ಅಥವಾ ಅದಕ್ಕಿಂತ ಬಿಸಿಯಾದ ನೀರನ್ನು ಸಿಂಪಡಿಸಬೇಕು. ಅದರಲ್ಲಿ ಹತ್ತು ಲಕ್ಷ ಭಾಗಕ್ಕೆ ೧೦೦ರಿಂದ ೨೦೦ ಭಾಗ ಕ್ಲೋರಿನ್ ಅಥವಾ ಅದಕ್ಕೆ ಸಮನಾದ ಬೇರೆ ಕ್ರಿಮಿನಾಶಕವಿರಬೇಕು. ಪೆಟ್ಟಿಗೆಗೆ ತುಂಬುವ ಮುನ್ನ ಮೊಟ್ಟೆ ಒಣಗಿರಬೇಕು.

ಕ್ರಿಮಿನಾಶಕದ ಸ್ಥಾನ ಇಲ್ಲಿ ಎಲ್ಲಿದೆಯೆಂಬುದನ್ನು ಗಮನಿಸಬೇಕು. ಅದು ಕೊನೆಯ ಹೆಜ್ಜೆ. ಕ್ಲೋರಿನ್ನಿನ ಶಕ್ತಿ ಕೊಳೆಯ ಸಂಪರ್ಕದಿಂದ ಬೇಗ ಕುಂದುತ್ತದೆ. ಆದ್ದರಿಂದ ಮೊದಲು ಕ್ಷಾರಯುಕ್ತವಾದ ಮಾರ್ಜಕದಿಂದ ಕೊಳೆಯನ್ನು ತೆಗೆದು ಆಮೇಲೆ ಅದನ್ನು ಪ್ರಯೋಗಿಸಬೇಕು. ಉಷ್ಣತೆ, ಹರಿವು, ಮಾರ್ಜಕ, ಕ್ರಿಮಿನಾಶಕ, ಒಣಗಿಸುವಿಕೆ, ಶೀತ ಇವು ಒಂದು ಸರಪಳಿಯ ಕೊಂಡಿಗಳು. ಅಮೆರಿಕದವರು ತೊಳೆಯುವುದನ್ನು ಒಪ್ಪಿದುದು, ತೊಳೆಯುವುದರ ಹಾನಿಯನ್ನು ತಿಳಿಯದೆ ಅಲ್ಲ. ಆ ಹಾನಿಯನ್ನು ಒಂದೊಂದಾಗಿ ತಿಳಿದು, ಒಂದೊಂದಕ್ಕೂ ಒಂದು ವಿಧಿಯನ್ನು ಕಟ್ಟಿದ ಮೇಲೆ.

ಹಾಗಾದರೆ ೧೯೭೦ರ ಶಾಸನದ ಪಾತ್ರವೇನು? ಆ ವರ್ಷದ ಡಿಸೆಂಬರಿನಲ್ಲಿ ಅಂಗೀಕೃತವಾದ ಮೊಟ್ಟೆ ಉತ್ಪನ್ನಗಳ ತಪಾಸಣಾ ಶಾಸನದ ಮುಖ್ಯ ವಿಷಯ, ಹೆಸರೇ ಹೇಳುವಂತೆ, ಒಡೆದ ಮೊಟ್ಟೆಯಿಂದ ತಯಾರಿಸುವ ದ್ರವ, ಹೆಪ್ಪು, ಪುಡಿ ಇವುಗಳ ತಪಾಸಣೆ. ಬಿರುಕುಬಿಟ್ಟ, ಸೋರುವ, ಕೊಳಕಾದ ಮೊಟ್ಟೆಗಳು ಗ್ರಾಹಕನಿಗೆ ತಲುಪದಂತೆ ತಡೆಯುವುದು ಅದರ ಇನ್ನೊಂದು ಉದ್ದೇಶ. ತೊಳೆಯುವ ವಿಧಿಗಳು ಕೃಷಿ ಇಲಾಖೆಯ ದರ್ಜೆಮುದ್ರೆಗೆ ಸಂಬಂಧಪಟ್ಟವು. ಆ ಮುದ್ರೆಯನ್ನು ಬಯಸುವವರು ಮಾತ್ರ ಆ ಕಟ್ಟಳೆಗೆ ಒಳಪಡುತ್ತಾರೆ. ಅದರ ಮೂಲ ೧೯೪೬ರ ಕೃಷಿ ಮಾರಾಟ ಶಾಸನದಲ್ಲಿದೆ. ವ್ಯವಹಾರದಲ್ಲಿ ಅಲ್ಲಿನ ಮಾರುಕಟ್ಟೆಯ ಮೊಟ್ಟೆಯೆಲ್ಲ ಬಹುಮಟ್ಟಿಗೆ ತೊಳೆದುದೇ ಆದರೂ, ಒಂದು ಶಾಸನ ಒಂದು ದಿನ ಅದನ್ನು ಹುಟ್ಟಿಸಿತೆನ್ನುವುದು ಸರಿಯಲ್ಲ.

೫

ಸಾಲ್ಮೊನೆಲ್ಲದ ಭಯ ಆಗ ಇರಲೇ ಇಲ್ಲವೆಂದು ನಾವು ವಾದಿಸುತ್ತಿಲ್ಲ. ನಮ್ಮ ಅಭಿಪ್ರಾಯಕ್ಕೆ ವಿರೋಧವಾಗಿ ಕಾಣುವ ಪ್ರಬಲವಾದ ಸಾಕ್ಷ್ಯವೊಂದುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಿಂದ ಇಂಗ್ಲೆಂಡಿಗೆ ಮೊಟ್ಟೆಯ ಪುಡಿ ಅಪಾರವಾಗಿ ರವಾನೆಯಾಯಿತು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ ೧೯೪೭ರಲ್ಲಿ ಪ್ರಕಟಿಸಿದ ವರದಿ ಈ ಪುಡಿಗೂ, ಅಲ್ಲಿ ಹೊಸದಾಗಿ ಕಾಣಿಸಿಕೊಂಡ ಸಾಲ್ಮೊನೆಲ್ಲ ಪ್ರಭೇದಗಳಿಗೂ ಇದ್ದ ಸಂಬಂಧವನ್ನು ತೋರಿಸಿತು. ಆದರೆ ಸಾವಿರಾರು ಮೊಟ್ಟೆಗಳನ್ನು ಒಡೆದು ಒಂದೇ ತೊಟ್ಟಿಯಲ್ಲಿ ಕಲಸುವ ಉದ್ಯಮದ ಪ್ರಶ್ನೆ ಅದು. ಅಲ್ಲಿ ಒಂದು ಕೊಳಕು ಚಿಪ್ಪು ಇಡೀ ತೊಟ್ಟಿಯನ್ನು ಕೆಡಿಸುತ್ತಿತ್ತು. ೧೯೭೦ರ ಶಾಸನ ಆ ಉದ್ಯಮದ ಮೇಲೆಯೇ ಪ್ರಧಾನವಾಗಿ ದೃಷ್ಟಿಯಿಟ್ಟಿದ್ದುದರಲ್ಲಿ ಆಶ್ಚರ್ಯವಿಲ್ಲ. ಅಖಂಡವಾದ, ಶುಚಿಯಾದ ಚಿಪ್ಪುಳ್ಳ ಮೊಟ್ಟೆ ನಿರಪಾಯವೆಂಬ ವಿಶ್ವಾಸ ಇದರಿಂದ ಅಲುಗಲಿಲ್ಲ. ಬದಲಾಗಿ ಇನ್ನಷ್ಟು ದೃಢವಾಯಿತು.

ಆ ವಿಶ್ವಾಸ ಮುರಿದುದು ೧೯೮೦ರ ದಶಕದಲ್ಲಿ. ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ೧೯೮೮ರಲ್ಲಿ ಬಂದ ಒಂದು ಪ್ರಬಂಧ ಈ ಚರಿತ್ರೆಯ ತಿರುವು. ೧೯೮೫ರ ಜನವರಿಯಿಂದ ೧೯೮೭ರ ಮೇ ತಿಂಗಳವರೆಗೆ ಸಾಲ್ಮೊನೆಲ್ಲ ಎಂಟರಿಟಿಡಿಸ್ ಎಂಬ ಪ್ರಭೇದದಿಂದ ಉಂಟಾದ ಆಹಾರಜನ್ಯ ಪ್ರಕರಣಗಳನ್ನು ಅದರ ಕರ್ತೃಗಳು ಪರಿಶೀಲಿಸಿದರು. ಯಾವ ಆಹಾರದಿಂದ ರೋಗ ಬಂದಿತೆಂದು ಗೊತ್ತಾದ ೩೫ ಪ್ರಕರಣಗಳ ಪೈಕಿ ೨೭ರಲ್ಲಿ ಕಾರಣ 'ಎ' ದರ್ಜೆಯ ಚಿಪ್ಪುಮೊಟ್ಟೆ, ಇಲ್ಲವೆ ಅಂಥ ಮೊಟ್ಟೆ ಬೆರೆತ ತಿನಿಸು. ಇವು ಕೊಳಕು ಮೊಟ್ಟೆಗಳಲ್ಲ, ಬಿರುಕುಬಿಟ್ಟವೂ ಅಲ್ಲ. ದರ್ಜೆಮುದ್ರೆಯ ಗೌರವವನ್ನು ಪಡೆದ ಮೊಟ್ಟೆಗಳು. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಈ ಪ್ರಭೇದ ಕೋಳಿಯ ಅಂಡಾಶಯವನ್ನೂ ಅಂಡನಾಳವನ್ನೂ ಸೇರಿಕೊಂಡು, ಚಿಪ್ಪು ಕಟ್ಟುವ ಮೊದಲೇ ಮೊಟ್ಟೆಯೊಳಗೆ ಸೇರಬಲ್ಲುದೆಂದು ಸಿದ್ಧವಾಯಿತು. ಕೋಳಿಯೂ ರೋಗಿಯಂತೆ ಕಾಣುವುದಿಲ್ಲ, ಮೊಟ್ಟೆಯೂ ಕೆಟ್ಟಂತೆ ಕಾಣುವುದಿಲ್ಲ. ಶತ್ರು ಕೋಟೆಯೊಳಗೇ ಹುಟ್ಟಿಕೊಂಡಿರುವಾಗ ದಿಡ್ಡಿಬಾಗಿಲನ್ನು ತೊಳೆದು ಭದ್ರಪಡಿಸಿ ಫಲವೇನು?

ಅದೇ ೧೯೮೮ರ ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಆರೋಗ್ಯ ಇಲಾಖೆಯ ಉಪಮಂತ್ರಿಣಿ ಎಡ್ವಿನಾ ಕರಿ, ದೇಶದ ಮೊಟ್ಟೆಯ ಉತ್ಪತ್ತಿಯ ಬಹುಭಾಗಕ್ಕೆ ಸಾಲ್ಮೊನೆಲ್ಲ ತಗಲಿದೆಯೆಂದು ಹೇಳಿ, ಉದ್ಯಮದ ಕೋಪಕ್ಕೆ ಗುರಿಯಾಗಿ, ಎರಡು ವಾರಗಳೊಳಗೆ ರಾಜೀನಾಮೆ ಕೊಟ್ಟರು. ಅವರ ಮಾತು ಅತಿಶಯೋಕ್ತಿಯಾಗಿತ್ತು. ಆದರೆ ರೋಗ ಅತಿಶಯೋಕ್ತಿಯಾಗಿರಲಿಲ್ಲ. ನಮ್ಮ ವಾದಕ್ಕೆ ಇಲ್ಲಿ ಮುಖ್ಯವಾದ ಅಂಶ ಇಷ್ಟೆ: ತೊಳೆಯುವ ಅಮೆರಿಕದಲ್ಲಿಯೂ, ತೊಳೆಯದ ಇಂಗ್ಲೆಂಡಿನಲ್ಲಿಯೂ ಒಂದೇ ದಶಕದಲ್ಲಿ ಒಂದೇ ವ್ಯಾಧಿ ತಲೆಯೆತ್ತಿತು. ತೊಳೆಯುವಿಕೆ ರೋಗದ ಕಾರಣವಾಗಿದ್ದರೆ ಇಂಗ್ಲೆಂಡು ಪಾರಾಗಬೇಕಿತ್ತು. ಅದು ರೋಗದ ಮದ್ದಾಗಿದ್ದರೆ ಅಮೆರಿಕ ಪಾರಾಗಬೇಕಿತ್ತು.

೬

ಇನ್ನು ಯೂರೋಪಿನ ದಾಖಲೆಯನ್ನು ನೋಡೋಣ. ಯೂರೋಪಿಯನ್ ಒಕ್ಕೂಟದ ೨೦೦೮ರ ನಿಯಮವು 'ಎ' ದರ್ಜೆಯ ಮೊಟ್ಟೆಗಳನ್ನು ತೊಳೆಯಕೂಡದೆಂದು ವಿಧಿಸಿತು. ಅದರ ಸ್ಥಾನದಲ್ಲಿ ೨೦೨೩ರಲ್ಲಿ ಬಂದ ನಿಯಮವೂ ಈ ತತ್ವವನ್ನು ಉಳಿಸಿಕೊಂಡಿತು. ಕೋಳಿಸಾಕಣೆಯವರು ಗೂಡುಗಳನ್ನು ಶುಚಿಯಾಗಿಡಲೆಂದೇ ಈ ನಿಷೇಧ ಮಾಡಿದ್ದಾರೆಂದು ಜನಪ್ರಿಯ ಬರಹಗಳು ಹೇಳುತ್ತವೆ. ನಿಷೇಧದಿಂದ ಅಂಥ ಪರಿಣಾಮ ಉಂಟಾಗಬಹುದು; ಆದರೆ ೨೦೦೮ರ ನಿಯಮದ ಪೀಠಿಕೆ ತೊಳೆಯುವುದನ್ನು ಬೇಡವೆನ್ನಲು ಕೊಟ್ಟ ಕಾರಣ ಬೇರೆ. ಹೊರಪೊರೆ ಮೊದಲಾದ ಸಹಜರಕ್ಷಣೆಗಳಿಗೆ ಹಾನಿಯಾಗಬಹುದು, ಹಾನಿಯಾದರೆ ಚಿಪ್ಪಿನ ಮೂಲಕ ಬ್ಯಾಕ್ಟೀರಿಯ ಒಳಹೋಗಬಹುದು, ಮುಖ್ಯವಾಗಿ ಆಮೇಲಿನ ಒಣಗಿಸುವಿಕೆಯೂ ಸಂಗ್ರಹಣೆಯೂ ಸರಿಯಾಗಿಲ್ಲದಿದ್ದರೆ ಗ್ರಾಹಕನಿಗೆ ಅಪಾಯ ಹೆಚ್ಚಬಹುದು ಎಂಬುದು ಅಲ್ಲಿನ ತರ್ಕ. ಈ ಕೊನೆಯ ಷರತ್ತನ್ನು ಓದುಗರು ವಿಶೇಷವಾಗಿ ಗಮನಿಸಬೇಕು. 'ಸರಿಯಾಗಿಲ್ಲದಿದ್ದರೆ' ಎಂಬ ಮಾತು, ಸರಿಯಾಗಿದ್ದ ಪಕ್ಷದಲ್ಲಿ ಅಪಾಯ ಕಡಮೆಯೆಂಬುದನ್ನು ಒಪ್ಪಿಕೊಂಡಂತೆಯೇ. ಯೂರೋಪಿನ ಆಹಾರ ಸುರಕ್ಷಾ ಪ್ರಾಧಿಕಾರದ ತಜ್ಞಸಮಿತಿ ೨೦೦೫ರ ಸೆಪ್ಟೆಂಬರಿನಲ್ಲಿ ಕೊಟ್ಟ ಅಭಿಪ್ರಾಯದಲ್ಲಿಯೂ ತೊಳೆಯುವುದರ ಲಾಭ, ನಷ್ಟ ಎರಡೂ ಲೆಕ್ಕಕ್ಕೆ ಬಂದಿವೆ. ಆ ಅಭಿಪ್ರಾಯವನ್ನು ಆಧಾರವಾಗಿಟ್ಟುಕೊಂಡೇ, ೨೦೦೩ರ ಜೂನ್ ೧ರ ಹೊತ್ತಿಗೆ ತೊಳೆಯಲು ಅನುಮತಿಯಿತ್ತಿದ್ದ ಸದಸ್ಯರಾಷ್ಟ್ರಗಳು ಆ ಪದ್ಧತಿಯನ್ನು ಮುಂದುವರಿಸಬಹುದೆಂದು ೨೦೦೮ರ ನಿಯಮ ಅವಕಾಶ ಕೊಟ್ಟಿತು. ಸ್ವೀಡನ್ನು ಇದಕ್ಕೆ ಪ್ರಸಿದ್ಧ ಉದಾಹರಣೆ. 'ಯೂರೋಪು ತೊಳೆಯುವುದಿಲ್ಲ' ಎಂಬ ಸಾಮಾನ್ಯೋಕ್ತಿ ಯೂರೋಪಿನ ಸ್ವಂತ ನಿಯಮದೊಳಗೇ ಹೀಗೆ ಭಂಗಗೊಳ್ಳುತ್ತದೆ.

ಎರಡು ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಅವು ಪರಸ್ಪರ ವಿರುದ್ಧವಲ್ಲವೆಂದು ವಿದಿತವಾಗುತ್ತದೆ. ತೊಳೆದರೆ ಹೀಗೆ ಹೀಗೆ ಮಾಡಿದಲ್ಲದೆ ತೊಳೆಯಬೇಡಿ ಎನ್ನುತ್ತದೆ ಒಂದು. ಹೀಗೆ ಹೀಗೆ ಮಾಡಲಾಗದಿರುವ ಸಂಭವವಿರುವುದರಿಂದ ತೊಳೆಯಲೇಬೇಡಿ ಎನ್ನುತ್ತದೆ ಮತ್ತೊಂದು. ಶೀತದ ವಿಷಯದಲ್ಲಿಯೂ ಹೀಗೆಯೇ. ತಣ್ಣಗಿರುವ ಮೊಟ್ಟೆಯನ್ನು ಬೆಚ್ಚಗಿನ ಗಾಳಿಗೆ ತಂದರೆ ಚಿಪ್ಪಿನ ಮೇಲೆ ಬೆವರಿನಂತೆ ನೀರು ಕೂಡುತ್ತದೆ. ಆ ತೇವದಲ್ಲಿ ಬ್ಯಾಕ್ಟೀರಿಯ ಚಲಿಸುತ್ತದೆ. ಆದ್ದರಿಂದ ಒಮ್ಮೆ ಶೀತದಲ್ಲಿಟ್ಟದ್ದನ್ನು ಕೊನೆಯವರೆಗೂ ಶೀತದಲ್ಲಿಡಬೇಕು, ಇಲ್ಲವೆ ಮಾರಾಟದವರೆಗೆ ಸಮನಾದ ಉಷ್ಣತೆಯಲ್ಲಿಡಬೇಕು. ಅಮೆರಿಕ ಮೊದಲನೆಯದನ್ನೂ, ಯೂರೋಪು ಎರಡನೆಯದನ್ನೂ ಆರಿಸಿಕೊಂಡವು. ಎರಡಕ್ಕೂ ಆಧಾರವಾದ ತಿಳಿವಳಿಕೆ ಒಂದೇ.

ಹಾಗಾದರೆ ರೋಗವನ್ನು ನಿಜವಾಗಿ ತಗ್ಗಿಸಿದುದು ಯಾವುದು? ಇಂಗ್ಲೆಂಡಿನಲ್ಲಿ ಸಿಂಹಮುದ್ರೆಯ ಯೋಜನೆ ೧೯೯೮ರಲ್ಲಿ ಕೋಳಿಗಳಿಗೆ ಎಂಟರಿಟಿಡಿಸ್ ವಿರುದ್ಧ ಲಸಿಕೆ ಹಾಕಿಸುವುದನ್ನು ತನ್ನ ಸದಸ್ಯರಿಗೆ ವಿಧಿಸಿತು. ಮುಂದಿನ ವರ್ಷಗಳಲ್ಲಿ ಆ ವ್ಯಾಧಿ ಬಹುವಾಗಿ ಇಳಿಯಿತು. ೨೦೧೭ರಲ್ಲಿ ಅಲ್ಲಿನ ಆಹಾರ ಪ್ರಾಧಿಕಾರ ಆ ಮುದ್ರೆಯ ಮೊಟ್ಟೆಗಳನ್ನು ಗರ್ಭಿಣಿಯರೂ, ಎಳೆಯ ಮಕ್ಕಳೂ, ವೃದ್ಧರೂ ಅರೆಬೇಯಿಸಿ ತಿನ್ನಬಹುದೆಂದಿತು. ಸ್ವೀಡನ್ನಿನಲ್ಲಿ ೧೯೫೩ರಲ್ಲಿ ಆಲ್ವೆಸ್ತಾ ಎಂಬ ಊರಿನ ಕಸಾಯಿಖಾನೆಯ ಮಾಂಸದಿಂದ ಸುಮಾರು ೯,೦೦೦ ಮಂದಿ ರೋಗಕ್ಕೀಡಾಗಿ, ಸುಮಾರು ೯೦ ಮಂದಿ ಸತ್ತರು. ಆ ದುರಂತದಿಂದ ಪಾಠ ಕಲಿತ ಆ ದೇಶ ೧೯೬೦ರ ದಶಕದ ಆರಂಭದಿಂದ ಸಾಲ್ಮೊನೆಲ್ಲ ನಿಯಂತ್ರಣವನ್ನು ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದಿದೆ. ಜಪಾನಿನಲ್ಲಿ ಮೊಟ್ಟೆಯನ್ನು ತೊಳೆದು ಕ್ರಿಮಿಶುದ್ಧಿ ಮಾಡಿ, ಹಸಿಯಾಗಿಯೇ ಅನ್ನದ ಮೇಲೆ ಒಡೆದು ತಿನ್ನುತ್ತಾರೆ. ತೊಳೆಯದ ಇಂಗ್ಲೆಂಡು, ತೊಳೆಯುವ ಸ್ವೀಡನ್ನು, ತೊಳೆಯುವ ಜಪಾನು ಮೂರೂ ಮೊಟ್ಟೆಯನ್ನು ವಿಶ್ವಾಸಾರ್ಹವಾಗಿ ಮಾಡಿಕೊಂಡಿರುವಾಗ, ಪ್ರಚಲಿತ ನಿರೂಪಣೆಯ ಮೂರನೆಯ ಆಧಾರವಾಕ್ಯವೂ ಬೀಳುತ್ತದೆ.

ಅಮೆರಿಕವೂ ಕ್ರಮೇಣ ಚಿಪ್ಪಿನಿಂದ ಕೋಳಿಯ ಕಡೆಗೆ ದೃಷ್ಟಿ ತಿರುಗಿಸಿತು. ೨೦೦೯ರ ಜುಲೈಯಲ್ಲಿ ಪ್ರಕಟವಾದ ನಿಯಮ, ರೋಗವಿಲ್ಲದ ಮರಿಗಳನ್ನು ತರುವುದು, ಇಲಿಗಳನ್ನು ನಿಗ್ರಹಿಸುವುದು, ಕೋಳಿಮನೆಯಲ್ಲಿ ಬ್ಯಾಕ್ಟೀರಿಯವನ್ನು ಪರೀಕ್ಷಿಸುವುದು, ಇಟ್ಟ ೩೬ ಗಂಟೆಗಳ ತರುವಾಯ ಮೊಟ್ಟೆಯನ್ನು ೪೫ ಡಿಗ್ರಿ ಫ್ಯಾರನ್‌ಹೈಟಿನಲ್ಲಿಡುವುದು ಇವನ್ನೆಲ್ಲ ವಿಧಿಸಿತು. ೫೦,೦೦೦ ಅಥವಾ ಹೆಚ್ಚು ಕೋಳಿಗಳುಳ್ಳವರಿಗೆ ಅದು ಅನ್ವಯಿಸಿದುದು ೨೦೧೦ರ ಜುಲೈಯಿಂದ. ಅಷ್ಟರಲ್ಲಿ, ಆ ವರ್ಷದ ಮೇ ತಿಂಗಳಿನಿಂದಲೇ, ಹೊಸದೊಂದು ವ್ಯಾಧಿತರಂಗ ಎದ್ದಿತ್ತು. ಆಗಸ್ಟಿನಲ್ಲಿ ಐಯೊವ ಸಂಸ್ಥಾನದ ಎರಡು ಉತ್ಪಾದಕರ ೫೦ ಕೋಟಿಗೂ ಹೆಚ್ಚು ಮೊಟ್ಟೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಸುಮಾರು ೧,೯೦೦ ಮಂದಿ ರೋಗಿಗಳು ಲೆಕ್ಕಕ್ಕೆ ಸಿಕ್ಕರು. ತೊಳೆಯುವ ವಿಧಿಗಳು ದಶಕಗಳಿಂದ ಜಾರಿಯಲ್ಲಿದ್ದ ದೇಶದಲ್ಲಿ ನಡೆದ ಘಟನೆಯಿದು.

ಇದರಿಂದ ಚಿಪ್ಪಿನ ಶುದ್ಧೀಕರಣ ವ್ಯರ್ಥವೆಂಬ ತೀರ್ಮಾನಕ್ಕೆ ಬರುವುದು ಇನ್ನೊಂದು ತಪ್ಪಾಗುತ್ತದೆ. ಮಲದ ಮೂಲಕ ಚಿಪ್ಪಿಗೆ ಹತ್ತುವ ಸಾಲ್ಮೊನೆಲ್ಲ ಇಂದಿಗೂ ಇದೆ. ಮೊಟ್ಟೆಯನ್ನು ಒಡೆಯುವ ಕೈಗೂ ಪಾತ್ರೆಗೂ ಅದು ಹತ್ತಬಹುದು. ಕ್ರಮವರಿತು ಮಾಡಿದ ಶುದ್ಧೀಕರಣ ಅದನ್ನು ಬಹುವಾಗಿ ತಗ್ಗಿಸುತ್ತದೆ. ನಮ್ಮ ಆಕ್ಷೇಪ ಪದ್ಧತಿಯ ಮೇಲಲ್ಲ. ಪದ್ಧತಿಯನ್ನು ಅದರ ಕಾರಣಗಳಿಂದ ಕಡಿದು ಹೇಳುವ ಚರಿತ್ರೆಯ ಮೇಲೆ.

೭

ಇದೊಂದು ಪಂಡಿತರ ಕಾಲವ್ಯತ್ಯಾಸದ ಚರ್ಚೆ, ಇದರಿಂದ ಯಾರಿಗೇನು ಎಂದು ಕೇಳಬಹುದು. ಕಾರಣಗಳನ್ನು ಮರೆತ ಚರಿತ್ರೆ ಅರ್ಧಂಬರ್ಧ ಅನುಕರಣೆಗೆ ದಾರಿ ಮಾಡಿಕೊಡುತ್ತದೆಂಬುದೇ ನಮ್ಮ ಉತ್ತರ. ನಮ್ಮ ಊರುಗಳ ಅಂಗಡಿಗಳಲ್ಲಿ ಮೊಟ್ಟೆ ಸಾಮಾನ್ಯವಾಗಿ ತೊಳೆಯದೆ, ಶೀತವಿಲ್ಲದೆ ಮಾರಾಟವಾಗುತ್ತದೆ. ಅಂಥ ಮೊಟ್ಟೆಗಳನ್ನು ಮನೆಗೆ ತಂದೊಡನೆ ನಲ್ಲಿಯ ತಣ್ಣೀರಿನಲ್ಲಿ ನೆನೆಸಿ ತೊಳೆದು, ಒದ್ದೆಯಾಗಿಯೇ ಎತ್ತಿಡುವ ಗೃಹಿಣಿಯರೂ ಇದ್ದಾರೆ. ಅವರ ಉದ್ದೇಶ ಪ್ರಶಂಸನೀಯವೇ. ಆದರೆ ಬೇಸಗೆಯ ಹಗಲಿನಲ್ಲಿ ಬಿಸಿಯೇರಿದ ಮೊಟ್ಟೆಯನ್ನು ಅದಕ್ಕಿಂತ ತಣ್ಣಗಿನ ನೀರಿನಲ್ಲಿ ಅದ್ದುವುದೆಂದರೆ, ೧೯೪೦ರಲ್ಲಿ ಕೇಂಬ್ರಿಜ್ಜಿನಲ್ಲಿ ಬೇಕೆಂದೇ ಮಾಡಿದ ಪ್ರಯೋಗವನ್ನು ಅಡಿಗೆಮನೆಯಲ್ಲಿ ಅರಿಯದೆ ಮಾಡಿದಂತೆ. ತೊಳೆಯುವ ದೇಶದಿಂದ ತೊಳೆಯುವುದನ್ನು ಮಾತ್ರ ತೆಗೆದುಕೊಂಡು, ಬಿಸಿನೀರು, ಕ್ರಿಮಿನಾಶಕ, ಒಣಗಿಸುವಿಕೆ, ಶೀತ ಇವನ್ನು ಬಿಟ್ಟಂತಾಯಿತು. ಅಂತೆಯೇ, ಯೂರೋಪಿನವರು ತೊಳೆಯುವುದಿಲ್ಲ, ನಾವೂ ತೊಳೆಯುವುದಿಲ್ಲ, ಆದ್ದರಿಂದ ನಾವು ಕ್ಷೇಮ ಎಂದುಕೊಳ್ಳುವುದೂ ಅಷ್ಟೇ ಅಪೂರ್ಣ. ಅವರ ತೊಳೆಯದ ಮೊಟ್ಟೆಯ ಹಿಂದೆ ಪರೀಕ್ಷೆಗೊಳಗಾದ ಕೋಳಿಯ ಹಿಂಡಿದೆ. ತೊಳೆಯುವುದಿದ್ದರೆ ಒಡೆಯುವ ಮುನ್ನ ತೊಳೆಯುವುದು, ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯುವುದು, ಬಿಳಿಯೂ ಹಳದಿಯೂ ಗಟ್ಟಿಯಾಗುವವರೆಗೆ ಬೇಯಿಸುವುದು, ಇವು ಯಾವ ದೇಶದ ನಿಯಮಕ್ಕೂ ವಿರುದ್ಧವಲ್ಲದ ಎಚ್ಚರಿಕೆಗಳು.

ಒಟ್ಟಿನಲ್ಲಿ ಹೇಳುವುದಾದರೆ, ಮೊಟ್ಟೆಯ ಚಿಪ್ಪಿನ ಶುದ್ಧೀಕರಣದ ಚರಿತ್ರೆ ಎರಡು ನಾಗರಿಕತೆಗಳ ಸ್ವಭಾವದ ಕಥೆಯಲ್ಲ. ಅದು ಎರಡು ಭಯಗಳ ಕಥೆ. ಕೊಳೆತದ ಭಯ ಮೊದಲು ಬಂದು ತೊಳೆಯುವ ವಿಧಾನವನ್ನು ರೂಪಿಸಿತು. ರೋಗದ ಭಯ ಆಮೇಲೆ ಬಂದು, ಆ ವಿಧಾನ ತಲುಪಲಾರದ ಒಂದು ಸ್ಥಳವಿದೆಯೆಂದು ತೋರಿಸಿತು. ಮೊದಲನೆಯ ಭಯಕ್ಕೆ ಕಟ್ಟಿದ ಕಟ್ಟಳೆಯನ್ನು ಎರಡನೆಯ ಭಯಕ್ಕೆ ಉತ್ತರವೆಂದು ಹೇಳುವುದರಿಂದ ಎರಡೂ ಅರ್ಥವಾಗದೆ ಹೋಗುತ್ತವೆ. ನಿಯಮಗಳು ಉಳಿದು ಕಾರಣಗಳು ಅಳಿಯುವುದು ಚರಿತ್ರೆಯಲ್ಲಿ ಹೊಸದೇನಲ್ಲ. ಅಳಿದ ಕಾರಣಗಳನ್ನು ಹುಡುಕಿ ನಿಯಮಗಳ ಪಕ್ಕದಲ್ಲಿಡುವುದು ನಮ್ಮ ಶಾಸ್ತ್ರದ ಕೆಲಸ. ಆ ಕೆಲಸಕ್ಕೆ ತಾಮ್ರಪಟವಾದರೂ ಒಂದೇ, ಮೊಟ್ಟೆಯಂಗಡಿಯ ನಿಯಮಾವಳಿಯಾದರೂ ಒಂದೇ.